ಬಾದಲೋನದ ‘ಪೆನ್ಯಾ’: ಜುವೆಂತುತ್ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಚರಿತ್ರೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನ್‌ನ ಬ್ಯಾಸ್ಕೆಟ್‌ಬಾಲ್ ಎಂದರೆ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಎಂದಷ್ಟೇ ತಿಳಿದವರು ಬಹಳ ಮಂದಿ. ಅವೆರಡೂ ಫುಟ್‌ಬಾಲ್‌ನ ಹಣದ ಬಲದಲ್ಲಿ ನಿಂತ ದೈತ್ಯರು. ಫುಟ್‌ಬಾಲ್ ತಂಡದ ಆಸರೆಯಿಲ್ಲದೆ, ತನ್ನ ಬೀದಿಗಳಲ್ಲಿ ಆಡಿದ ಹುಡುಗರನ್ನೇ ನೆಚ್ಚಿಕೊಂಡು ಯುರೋಪಿನ ಕಿರೀಟ ಗೆದ್ದ ಕ್ಲಬ್ಬೊಂದು ಅದೇ ದೇಶದಲ್ಲಿದೆ. ಅದರ ಬಗ್ಗೆ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಇದು ಯಾವ ಊರಿನ ತಂಡ?

ಬಾದಲೋನ ಎಂಬ ಊರಿನದು. ಮೆಡಿಟರೇನಿಯನ್ ಕಡಲ ದಂಡೆಯಲ್ಲಿ, ಬಾರ್ಸಿಲೋನಾ ನಗರದ ಈಶಾನ್ಯಕ್ಕೆ, ಮೆಟ್ರೋದಲ್ಲೇ ಹೋಗಿ ಬರಬಹುದಾದಷ್ಟು ಹತ್ತಿರದಲ್ಲಿದೆ. ಜನಸಂಖ್ಯೆ ಎರಡು ಲಕ್ಷ ದಾಟುತ್ತದೆ. ರೋಮನ್ನರ ಕಾಲದಲ್ಲಿ ಇದಕ್ಕೆ ಬೈತುಲೋ ಎಂಬ ಹೆಸರಿತ್ತು. ಈಚಿನ ಶತಮಾನಗಳಲ್ಲಿ ಕಾರ್ಖಾನೆಗಳ, ಕಾರ್ಮಿಕರ ಊರಾಯಿತು. ನೆರೆಯ ಮಹಾನಗರದ ನೆರಳಿನಲ್ಲಿ ಕರಗಿಹೋಗಬಹುದಾಗಿದ್ದ ಈ ಊರಿಗೆ ತನ್ನದೇ ಮುಖವನ್ನು ಕೊಟ್ಟದ್ದು ಬ್ಯಾಸ್ಕೆಟ್‌ಬಾಲ್. ಈ ಊರುಗಳಿರುವ ಕತಲೂನ್ಯ ಪ್ರಾಂತ್ಯದಲ್ಲಿ ಬಾದಲೋನವನ್ನು ಈ ಆಟದ ತೊಟ್ಟಿಲು ಎಂದೇ ಕರೆಯುತ್ತಾರೆ.

ಕ್ಲಬ್ಬಿನ ಹೆಸರು ಜುವೆಂತುತ್. ಹಾಗಿದ್ದರೆ ಎಲ್ಲರೂ ‘ಪೆನ್ಯಾ’ ಎನ್ನುವುದೇಕೆ?

ಈ ಹೆಸರಿನ ಹಿಂದೆ ಒಂದು ವಿಮಾನವಿದೆ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ಎಂಬ ಪುಟ್ಟ ವಿಮಾನದಲ್ಲಿ ಒಬ್ಬರೇ ಕುಳಿತು ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಹಾರಿದರು. ಆ ಸಾಹಸ ಜಗತ್ತಿನ ಯುವಕರ ತಲೆಯಲ್ಲೆಲ್ಲ ತುಂಬಿಕೊಂಡಿದ್ದ ಕಾಲವದು. 1930ರ ಮಾರ್ಚ್ 30ರಂದು ಬಾದಲೋನದ ಕೆಲವು ಗೆಳೆಯರು ಸೇರಿ ಒಂದು ಕೂಟ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ‘ಪೆನ್ಯಾ ಸ್ಪಿರಿಟ್ ಆಫ್ ಬಾದಲೋನ’. ಕತಲೂನ್ಯದ ನುಡಿಯಾದ ಕತಲಾನ್ ಭಾಷೆಯಲ್ಲಿ ಪೆನ್ಯಾ ಎಂದರೆ ಗೆಳೆಯರ ಕೂಟ. ಮರುವರ್ಷ ಅಧಿಕೃತ ಮನ್ನಣೆ ಸಿಕ್ಕಿದ್ದು ‘ಸೆಂತ್ರೆ ಎಸ್ಪೋರ್ತಿಯು ಬಾದಲೋನ’ ಎಂಬ ಬೇರೊಂದು ಹೆಸರಿಗೆ.

ಅಂತರ್ಯುದ್ಧ ಮುಗಿದು ಫ್ರಾಂಕೋನ ಸರ್ವಾಧಿಕಾರ ಬಂದ ಮೇಲೆ ಸಾರ್ವಜನಿಕ ಬದುಕಿನಲ್ಲಿ ಕತಲಾನ್ ಭಾಷೆಗೆ ಜಾಗವಿರಲಿಲ್ಲ. ಕ್ಲಬ್ಬಿನ ಹೆಸರನ್ನೂ ಸ್ಪ್ಯಾನಿಷ್ ರೂಪದಲ್ಲಿ ‘ಹುವೆಂತುದ್’ ಎಂದೇ ಬರೆಯಬೇಕಿತ್ತು. ಸರ್ವಾಧಿಕಾರ ಅಳಿದ ಬಳಿಕ ‘ಜುವೆಂತುತ್’ ಎಂಬ ಕತಲಾನ್ ರೂಪ ಮರಳಿತು. ಎರಡರ ಅರ್ಥವೂ ಯೌವನ, ಯುವಜನ. ಅಷ್ಟೆಲ್ಲ ಬದಲಾದರೂ ಜನರ ನಾಲಿಗೆಯ ಮೇಲೆ ಉಳಿದದ್ದು ಪೆನ್ಯಾ ಮಾತ್ರ. ಕಾಗದದ ಮೇಲಿನ ಹೆಸರನ್ನು ಸರ್ಕಾರ ಬದಲಿಸಬಹುದು, ಮನೆಯಲ್ಲಿ ಕರೆಯುವ ಹೆಸರಿನ ತಂಟೆಗೆ ಹೋಗುವುದು ಅದರ ಕೈಲಿಲ್ಲ. ತಂಡದ ಬಣ್ಣ ಹಸಿರು ಮತ್ತು ಕಪ್ಪು. ಅಭಿಮಾನಿಗಳನ್ನೂ ಆಟಗಾರರನ್ನೂ ‘ಹಸಿರು-ಕಪ್ಪಿನವರು’ ಎನ್ನುವುದುಂಟು.

ಒಂದು ಸಣ್ಣ ಊರಿಗೆ ಈ ಆಟದ ಹುಚ್ಚು ಹತ್ತಿದ್ದು ಹೇಗೆ?

ಕ್ಯೂಬಾದಲ್ಲಿ ಈ ಆಟವನ್ನು ಕಂಡು ಬಂದಿದ್ದ ಎಉಸೆಬಿ ಮಿಲ್ಯಾನ್ ಎಂಬ ಪಾದ್ರಿ 1920ರ ದಶಕದ ಆರಂಭದಲ್ಲಿ ಬಾರ್ಸಿಲೋನಾದ ಶಾಲೆಯೊಂದರಲ್ಲಿ ಅದನ್ನು ಕಲಿಸಿದರು. ಅಲ್ಲಿಂದ ಅದು ಸುತ್ತಲ ಊರುಗಳಿಗೆ ಹಬ್ಬಿತು. ಬಾದಲೋನದಲ್ಲಿ ಬೇರೂರಿದಷ್ಟು ಆಳವಾಗಿ ಬೇರೆಲ್ಲೂ ಬೇರೂರಲಿಲ್ಲ. ಇಲ್ಲಿ ಜುವೆಂತುತ್ ಒಂದೇ ಅಲ್ಲ, ಸಿರ್ಕೋಲ್ ಕತೋಲಿಕ್, ಸಾಂತ್ ಜೊಸೆಪ್‌ನಂಥ ಕ್ಲಬ್ಬುಗಳೂ ಇದ್ದವು. ಸಿರ್ಕೋಲ್ ತಂಡ ಕೊತೊನಿಫಿಸಿಯೊ ಎಂಬ ಹೆಸರಿನಲ್ಲಿ ದೇಶದ ಅತ್ಯುನ್ನತ ದರ್ಜೆಯಲ್ಲೇ ಆಡಿತು. ಮುಂದೆ ಸ್ಪೇನ್‌ನ ಮಹಾನ್ ತರಬೇತುದಾರರಲ್ಲಿ ಒಬ್ಬರಾದ ಆಯಿತೊ ಗಾರ್ಸಿಯಾ ರೆನೆಸೆಸ್ ತಮ್ಮ ತರಬೇತಿ ವೃತ್ತಿಯ ಮೊದಲ ವರ್ಷಗಳನ್ನು ಕಳೆದದ್ದು ಆ ತಂಡದಲ್ಲಿ. ಒಂದೇ ಊರಿನ ಎರಡು ತಂಡಗಳು ದೇಶದ ಮೇಲ್ದರ್ಜೆಯಲ್ಲಿ ಎದುರಾಗುವಂತಿದ್ದಾಗ ಅಲ್ಲಿನ ಮಕ್ಕಳ ಕೈಗೆ ಮೊದಲು ಬರುವ ಚೆಂಡು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲ ದೊಡ್ಡ ಗೆಲುವು ಯಾವುದು?

1948ರಲ್ಲಿ ಗೆದ್ದ ಸ್ಪ್ಯಾನಿಷ್ ಕಪ್. ಐವತ್ತರ ದಶಕದಲ್ಲಿ ಅದೇ ಕಪ್ ಇನ್ನೂ ಮೂರು ಸಲ ಬಂತು: 1953, 1955, 1958.

ಆದರೆ ಲೀಗ್ ಪ್ರಶಸ್ತಿಯ ಕಥೆಯೇ ಹೆಚ್ಚು ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಸ್ಪೇನ್‌ನ ರಾಷ್ಟ್ರೀಯ ಲೀಗ್ 1957ರಲ್ಲಿ ಆರಂಭವಾಯಿತು. 1960ರಿಂದ 1978ರವರೆಗಿನ ಹತ್ತೊಂಬತ್ತು ಋತುಗಳ ಪಟ್ಟಿಯನ್ನು ತೆರೆದು ನೋಡಿ. ಹದಿನೇಳು ಸಲ ಚಾಂಪಿಯನ್ ರಿಯಲ್ ಮ್ಯಾಡ್ರಿಡ್. ಉಳಿದ ಎರಡು ಸಲ, 1967ರಲ್ಲಿ ಮತ್ತು 1978ರಲ್ಲಿ, ಜುವೆಂತುತ್. ನಡುವೆ ಮೂರನೆಯ ಹೆಸರೇ ಇಲ್ಲ! ಋತುವಿನ ಕೊನೆಯಲ್ಲಿ ಮೇಲಿನ ತಂಡಗಳು ಮತ್ತೆ ಸೆಣಸಿ ಚಾಂಪಿಯನ್ ಆಗುವ ಪ್ಲೇಆಫ್ ಪದ್ಧತಿಯೂ ಆಗ ಇರಲಿಲ್ಲ. ಒಂದೆರಡು ರಾತ್ರಿಯ ಅದೃಷ್ಟದಿಂದ ಗೆಲ್ಲುವಂತಿರಲಿಲ್ಲ. ಇಡೀ ಋತು ಮ್ಯಾಡ್ರಿಡ್‌ಗಿಂತ ಮೇಲೆ ನಿಲ್ಲಬೇಕಿತ್ತು.

1967ರ ತಂಡದ ಜೀವಾಳ ಫ್ರಾನ್ಸೆಸ್ಕ್ ‘ನೀನೊ’ ಬುಸ್ಕತೊ. ಎತ್ತರದಿಂದಲ್ಲ, ತಲೆಯಿಂದ ಆಡುತ್ತಿದ್ದ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ಕಟ್ಟುವವರು. 1978ರಲ್ಲಿ ಚೆಂಡು ಇದ್ದದ್ದು ಯುಗೊಸ್ಲಾವಿಯಾದಿಂದ ಬಂದ ಜೊರಾನ್ ಸ್ಲಾವ್ನಿಚ್ ಕೈಯಲ್ಲಿ. ಅವರ ಪಾಸ್‌ಗಳನ್ನು ಅಂಕಗಳಾಗಿ ಮಾರ್ಪಡಿಸಲು ಜೊಸೆಪ್ ಮರಿಯಾ ಮರ್ಗಾಲ್, ಲೂಯಿಸ್ ಮಿಗೆಲ್ ಸಾಂತಿಯಾನಾ ಇದ್ದರು.

ಕೊರಾಚ್ ಕಪ್ ಎಂದರೇನು?

ಕಾರು ಅಪಘಾತದಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಯುಗೊಸ್ಲಾವಿಯಾದ ಆಟಗಾರ ರಾದಿವೊಯ್ ಕೊರಾಚ್ ನೆನಪಿನಲ್ಲಿ ನಡೆಯುತ್ತಿದ್ದ ಯುರೋಪಿನ ಪಂದ್ಯಾವಳಿ. ಈಗ ಅದು ಇಲ್ಲ. ಜುವೆಂತುತ್ ಅದನ್ನು ಎರಡು ಬಾರಿ ಗೆದ್ದಿತು. 1981ರ ಫೈನಲ್ ಬಾರ್ಸಿಲೋನಾದಲ್ಲಿ ನಡೆದು ಹೆಚ್ಚುವರಿ ಅವಧಿಗೆ ಹೋಯಿತು. ವೆನಿಸ್‌ನ ತಂಡದ ಎದುರು ಗೆಲುವು ಬಂದದ್ದು 105-104ರಲ್ಲಿ, ಒಂದೇ ಅಂಕದಿಂದ. ಕ್ಲಬ್ಬಿನ ಮೊದಲ ಯುರೋಪಿಯನ್ ಪ್ರಶಸ್ತಿ ಅದು. 1990ರಲ್ಲಿ ಇಟಲಿಯ ಪೆಸಾರೊ ತಂಡವನ್ನು ಸೋಲಿಸಿ ಎರಡನೆಯದನ್ನು ಪಡೆದರು.

ಜೊರ್ದಿ ವಿಯಾಕಾಂಪಾ ಯಾರು?

ಪೆನ್ಯಾದ ಚರಿತ್ರೆಯಲ್ಲಿ ಒಬ್ಬರ ಹೆಸರನ್ನು ಮಾತ್ರ ಹೇಳಲು ಅವಕಾಶ ಕೊಟ್ಟರೆ ನಾನು ಹೇಳುವ ಹೆಸರು ಇದೇ. 1963ರಲ್ಲಿ ರೆಯುಸ್ ಎಂಬ ಊರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬಾದಲೋನಕ್ಕೆ ಬಂದು, 1980ರಿಂದ 1997ರವರೆಗೆ ಒಂದೇ ತಂಡಕ್ಕೆ ಆಡಿದರು. ಮೇಲೆ ಹೇಳಿದ ಎರಡೂ ಕೊರಾಚ್ ಕಪ್‌ಗಳಲ್ಲಿ ಅವರಿದ್ದರು. ಮುಂದೆ ಹೇಳಲಿರುವ ಇಸ್ತಾಂಬುಲ್, ಟೆಲ್ ಅವೀವ್‌ಗಳಲ್ಲೂ ಇದ್ದರು. ಅವರ 8ನೇ ಸಂಖ್ಯೆಯ ಅಂಗಿಯನ್ನು ಈಗ ಬೇರೆ ಯಾರಿಗೂ ಕೊಡುವುದಿಲ್ಲ.

ಆಟ ಬಿಟ್ಟ ಮೇಲೆ 1999ರಲ್ಲಿ ಕ್ಲಬ್ಬಿನ ಅಧ್ಯಕ್ಷರಾದರು. 2017ರವರೆಗೂ ಆ ಕುರ್ಚಿಯಲ್ಲಿದ್ದರು. ಹಣವಿಲ್ಲದ ಕ್ಲಬ್ಬಿನ ಅಧ್ಯಕ್ಷಗಿರಿ ಎಂದರೆ ಸಾಲಗಾರರ ಎದುರು ಕೂರುವುದು, ಬೆಳೆಸಿದ ಹುಡುಗರನ್ನು ಕಣ್ಣೆದುರೇ ಮಾರುವುದು. ಆಟಗಾರನಾಗಿ ಸಂಪಾದಿಸಿದ ಪ್ರೀತಿಯನ್ನೆಲ್ಲ ಕಳೆದುಕೊಳ್ಳಬಹುದಾದ ಆ ಕೆಲಸಕ್ಕೆ ಹದಿನೆಂಟು ವರ್ಷ ಕೊಡಲು ಬಹಳ ದೊಡ್ಡ ಮನಸ್ಸು ಬೇಕು.

1992ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದದ್ದೇನು?

ತೊಂಬತ್ತರ ದಶಕದ ಆರಂಭದಲ್ಲಿ ಜುವೆಂತುತ್ ಸ್ಪೇನ್‌ನ ಅತ್ಯುತ್ತಮ ತಂಡವಾಗಿತ್ತು. ಹಿಂದೆ ಮ್ಯಾಡ್ರಿಡ್‌ನ ತರಬೇತುದಾರರಾಗಿದ್ದ ಲೋಲೊ ಸಾಯಿನ್ಸ್ ಇಲ್ಲಿಗೆ ಬಂದು 1991ರಲ್ಲೂ 1992ರಲ್ಲೂ ಲೀಗ್ ಗೆಲ್ಲಿಸಿದರು. ಒಂದು ಸಲ ಫೈನಲ್‌ನಲ್ಲಿ ಬಾರ್ಸಿಲೋನಾವನ್ನು, ಇನ್ನೊಂದು ಸಲ ಮ್ಯಾಡ್ರಿಡ್ ಅನ್ನೇ ಸೋಲಿಸಿ. ಆ ತಂಡದಲ್ಲಿ ವಿಯಾಕಾಂಪಾ, ರಫಾಯೆಲ್ ಮತ್ತು ತೊಮಾಸ್ ಜೊಫ್ರೆಸಾ ಎಂಬ ಅಣ್ಣತಮ್ಮಂದಿರು, ಎತ್ತರದ ಫೆರ್ರಾನ್ ಮಾರ್ಟಿನೆಸ್, ಅಮೆರಿಕದ ಕಾರ್ನಿ ಥಾಂಪ್ಸನ್ ಮತ್ತು ಹೆರಾಲ್ಡ್ ಪ್ರೆಸ್ಲಿ ಇದ್ದರು.

1992ರ ಏಪ್ರಿಲ್ 16ರಂದು ಯುರೋಪಿನ ಕ್ಲಬ್ಬುಗಳ ಅತ್ಯುನ್ನತ ಪಂದ್ಯಾವಳಿಯಾದ ಯುರೋಪಿಯನ್ ಕಪ್‌ನ ಫೈನಲ್. ಎದುರಾಳಿ ಬೆಲ್‌ಗ್ರೇಡ್‌ನ ಪಾರ್ತಿಜಾನ್. ಯುಗೊಸ್ಲಾವಿಯಾದ ಯುದ್ಧದ ಕಾರಣದಿಂದ ಆ ತಂಡ ತನ್ನ ಊರಿನಲ್ಲಿ ಯುರೋಪಿಯನ್ ಪಂದ್ಯ ಆಡುವಂತಿರಲಿಲ್ಲ. ‘ತವರಿನ’ ಪಂದ್ಯಗಳನ್ನು ಮ್ಯಾಡ್ರಿಡ್ ಬಳಿಯ ಫುಯೆನ್‌ಲಬ್ರಾದಾದಲ್ಲಿ ಆಡುತ್ತಿತ್ತು. ಅದರ ತರಬೇತುದಾರ ಝೆಲ್ಕೊ ಒಬ್ರಾದೊವಿಚ್‌ಗೆ ಆಗ 32 ವರ್ಷ. ಹಿಂದಿನ ವರ್ಷದವರೆಗೂ ಅದೇ ತಂಡದ ಆಟಗಾರನಾಗಿದ್ದವರು.

ಕೊನೆಯ ಕ್ಷಣಗಳಲ್ಲಿ ತೊಮಾಸ್ ಜೊಫ್ರೆಸಾ ಚೆಂಡನ್ನು ಬುಟ್ಟಿಗೆ ಹಾಕಿದರು: ಜುವೆಂತುತ್ 70, ಪಾರ್ತಿಜಾನ್ 68. ಇನ್ನುಳಿದದ್ದು ಕೆಲವೇ ಸೆಕೆಂಡುಗಳು. ಬಾದಲೋನದ ಬೆಂಚು ಎದ್ದು ನಿಂತಿತ್ತು. ಅಲೆಕ್ಸಾಂಡರ್ ಜೋರ್ಜೆವಿಚ್ ಅಂಕಣದ ಉದ್ದಕ್ಕೂ ಓಡಿಬಂದು, ದೇಹ ಬಲಕ್ಕೆ ವಾಲಿರುವಂತೆಯೇ ಮೂರು ಅಂಕಗಳ ಎಸೆತ ಎಸೆದರು. ಚೆಂಡು ಒಳಕ್ಕೆ ಬಿತ್ತು. 71-70.

ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಣ್ಣು ಹೋಗುವುದು ಎಸೆದವರ ಕಡೆಗಲ್ಲ, ಹಸಿರು ಅಂಗಿ ತೊಟ್ಟು ನಿಂತಲ್ಲೇ ನಿಂತವರ ಕಡೆಗೆ.

ಹಾಗಾದರೆ ಯುರೋಪಿನ ಕಿರೀಟ ಬಂದದ್ದು ಯಾವಾಗ?

ಎರಡು ವರ್ಷಗಳ ನಂತರ. ಅದನ್ನು ತಂದುಕೊಟ್ಟವರು ಇಸ್ತಾಂಬುಲ್‌ನಲ್ಲಿ ಎದುರಿನ ಬೆಂಚಿನಲ್ಲಿದ್ದ ಒಬ್ರಾದೊವಿಚ್! 1993ರಲ್ಲಿ ಕ್ಲಬ್ ಅವರನ್ನೇ ಕರೆತಂದಿತು. ತಮ್ಮ ಎದೆ ಒಡೆದವನ ಕೈಗೇ ತಂಡವನ್ನು ಒಪ್ಪಿಸಿದ ಆ ನಿರ್ಧಾರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

1994ರ ಏಪ್ರಿಲ್‌ನಲ್ಲಿ ಟೆಲ್ ಅವೀವ್‌ನಲ್ಲಿ ನಾಲ್ಕು ತಂಡಗಳು ಸೇರಿದವು. ಸೆಮಿಫೈನಲ್‌ನಲ್ಲಿ ಎದುರಾದದ್ದು ಪಕ್ಕದ ಮನೆಯ ಬಾರ್ಸಿಲೋನಾ. 79-65ರಿಂದ ಅದನ್ನು ಮನೆಗೆ ಕಳುಹಿಸಿದರು. ಏಪ್ರಿಲ್ 21ರ ಫೈನಲ್ ಗ್ರೀಸ್‌ನ ಒಲಿಂಪಿಯಾಕೋಸ್ ಎದುರು. ಗ್ರೀಕ್ ಅಭಿಮಾನಿಗಳ ಗದ್ದಲದಲ್ಲಿ ಪ್ರತಿ ಅಂಕಕ್ಕೂ ಒದ್ದಾಡಬೇಕಾದ ಪಂದ್ಯ. ಎರಡೂ ತಂಡಗಳು ಅರವತ್ತು ಮುಟ್ಟಲಿಲ್ಲ. ಕೊನೆಗೆ ಒಲಿಂಪಿಯಾಕೋಸ್ 57, ಜುವೆಂತುತ್ 56. ಇಪ್ಪತ್ತು ಸೆಕೆಂಡಿನಷ್ಟು ಮಾತ್ರ ಉಳಿದಿದ್ದಾಗ ಚೆಂಡು ಕಾರ್ನಿ ಥಾಂಪ್ಸನ್ ಕೈಗೆ ಬಂತು. ಕಮಾನು ಗೆರೆಯ ಹೊರಗಿನಿಂದ, ಆಗ ಆ ದೂರ 6.25 ಮೀಟರ್, ಅವರು ಎಸೆದರು. 59-57. ಒಲಿಂಪಿಯಾಕೋಸ್‌ಗೆ ಇನ್ನೂ ಅವಕಾಶವಿತ್ತು. ಝಾರ್ಕೊ ಪಾಸ್ಪಾಲ್ ಫ್ರೀ ಥ್ರೋ ಗೆರೆಗೆ ಬಂದರು, ಚೆಂಡು ಬುಟ್ಟಿ ಸೇರಲಿಲ್ಲ. ಅಂಕಪಟ್ಟಿ ಮತ್ತೆ ಕದಲಲಿಲ್ಲ.

ಅಲ್ಲಿಯವರೆಗೆ ಸ್ಪೇನ್‌ನಿಂದ ಈ ಕಪ್ ಗೆದ್ದಿದ್ದದ್ದು ರಿಯಲ್ ಮ್ಯಾಡ್ರಿಡ್ ಮಾತ್ರ. ಬಾರ್ಸಿಲೋನಾಗೆ ಅದು ಸಿಕ್ಕಿದ್ದು 2003ರಲ್ಲಿ. ಅಂದರೆ ಕತಲೂನ್ಯಕ್ಕೆ ಬ್ಯಾಸ್ಕೆಟ್‌ಬಾಲ್‌ನ ಮೊದಲ ಯುರೋಪ್ ಕಿರೀಟ ತಂದದ್ದು ದೊಡ್ಡ ನಗರವಲ್ಲ, ಅದರ ಪಕ್ಕದ ಊರು.

ಗೆದ್ದ ತಂಡ ಮತ್ತೆ ಏಕೆ ಗೆಲ್ಲಲಿಲ್ಲ?

ಹಣ. ಒಬ್ರಾದೊವಿಚ್ ಕೂಡಲೇ ರಿಯಲ್ ಮ್ಯಾಡ್ರಿಡ್‌ಗೆ ಹೋಗಿ 1995ರಲ್ಲಿ ಅಲ್ಲಿ ಅದೇ ಕಪ್ ಗೆದ್ದರು. ಮುಂದೆ ಅವರ ಲೆಕ್ಕ ಒಟ್ಟು ಒಂಬತ್ತಕ್ಕೆ ಏರಿತು. ಬಾದಲೋನದಲ್ಲಿ ಆಟಗಾರರು ಒಬ್ಬೊಬ್ಬರಾಗಿ ಹೊರಟರು. 1997ರಲ್ಲಿ ಲಿಯೋನ್ ನಗರದಲ್ಲಿ ಕಾಸೆರೆಸ್ ತಂಡವನ್ನು ಸೋಲಿಸಿ ಗೆದ್ದ ಸ್ಪ್ಯಾನಿಷ್ ಕಪ್ ವಿಯಾಕಾಂಪಾ ಪಾಲಿಗೆ ಬೀಳ್ಕೊಡುಗೆಯಾಯಿತು. ಆಮೇಲೆ ಬಹಳ ವರ್ಷ ಬರಗಾಲ.

ತಂಡ ಆಡುವ ಕ್ರೀಡಾಂಗಣದಲ್ಲೇ ‘ಡ್ರೀಮ್ ಟೀಮ್’ ಆಡಿತ್ತು ಎನ್ನುವುದು ನಿಜವೇ?

ನಿಜ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಬ್ಯಾಸ್ಕೆಟ್‌ಬಾಲ್ ಪಂದ್ಯಗಳೆಲ್ಲ ನಡೆದದ್ದು ಬಾದಲೋನದ ಪುರಸಭೆಯ ಕ್ರೀಡಾಭವನದಲ್ಲಿ. ಈ ಆಟಕ್ಕಾಗಿ ಇಷ್ಟು ದುಡಿದ ಊರಿಗೆ ಸಿಗಬೇಕಾದ ಮರ್ಯಾದೆಯೇ ಸಿಕ್ಕಿತು. ಎಸ್ತೇವೆ ಬೊನೆಲ್, ಫ್ರಾನ್ಸೆಸ್ಕ್ ರಿಯುಸ್ ಮೊದಲಾದವರು ವಿನ್ಯಾಸಗೊಳಿಸಿದ ಈ ಕಟ್ಟಡ 1991ರಲ್ಲಿ ತೆರೆಯಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಯುರೋಪಿನ ವಾಸ್ತುಶಿಲ್ಪಕ್ಕೆ ಕೊಡುವ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿಯೂ 1992ರಲ್ಲಿ ಇದಕ್ಕೆ ಬಂತು. ಮೈಕೆಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಇದ್ದ, ‘ಡ್ರೀಮ್ ಟೀಮ್’ ಎನಿಸಿದ ಅಮೆರಿಕ ತಂಡ ಆಗಸ್ಟ್ 8ರಂದು ಇಲ್ಲೇ ಕ್ರೊಯೇಷಿಯಾವನ್ನು 117-85ರಿಂದ ಸೋಲಿಸಿ ಚಿನ್ನ ಗೆದ್ದಿತು.

ಅದೇ ಅಂಕಣದಲ್ಲಿ ಸ್ಪೇನ್ ತಂಡ ಅಂಗೋಲಾ ಎದುರು 63-83ರಿಂದ ಸೋತಿತು. ಆ ತಂಡದಲ್ಲಿ ವಿಯಾಕಾಂಪಾ ಕೂಡ ಇದ್ದರು. ಇಸ್ತಾಂಬುಲ್‌ನ ಗಾಯ ಆರುವ ಮೊದಲೇ, ತನ್ನ ತವರಿನ ಅಂಗಳದಲ್ಲೇ ಬಿದ್ದ ಪೆಟ್ಟು.

ರಿಕಿ ರೂಬಿಯೊ ಹದಿನಾಲ್ಕನೆಯ ವಯಸ್ಸಿನಲ್ಲೇ ವೃತ್ತಿಪರ ಪಂದ್ಯ ಆಡಿದರೇ?

ಹೌದು. ಪೆನ್ಯಾದಲ್ಲಿ ಬೆಳೆದು ಹೆಸರಾದ ಈ ಆಟಗಾರ ಹುಟ್ಟಿದ್ದು 1990ರ ಅಕ್ಟೋಬರ್ 21ರಂದು, ಬಾದಲೋನಕ್ಕೆ ಹತ್ತಿರದ ಎಲ್ ಮಸ್ನೌ ಊರಿನಲ್ಲಿ. ಮೊದಲ ಪಂದ್ಯ 2005ರ ಅಕ್ಟೋಬರ್ 15ರಂದು. ಹದಿನೈದು ತುಂಬಲು ಇನ್ನೂ ಆರು ದಿನ ಬಾಕಿ. ಸ್ಪ್ಯಾನಿಷ್ ಲೀಗ್‌ನಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ಬೇರೆ ಯಾರೂ ಆಡಿರಲಿಲ್ಲ. ಆಡಿಸಿದವರು ಆಗ ಜುವೆಂತುತ್ ತರಬೇತುದಾರರಾಗಿದ್ದ ಆಯಿತೊ. ಹುಡುಗರ ಮೇಲೆ ನಂಬಿಕೆಯಿಡುವುದರಲ್ಲಿ ಅವರಷ್ಟು ಧೈರ್ಯವಿದ್ದ ತರಬೇತುದಾರರು ವಿರಳ.

ಮರುವರ್ಷ ಹದಿನಾರು ವರ್ಷದೊಳಗಿನವರ ಯುರೋಪಿಯನ್ ಫೈನಲ್‌ನಲ್ಲಿ ರಷ್ಯಾ ಎದುರು ರಿಕಿ 51 ಅಂಕ, 24 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), 12 ಅಸಿಸ್ಟ್ (ಅಂಕಕ್ಕೆ ದಾರಿಯಾಗುವ ಪಾಸ್) ಗಳಿಸಿದರು. ಅಂಕಣದ ನಡುಗೆರೆಯ ಬಳಿಯಿಂದ ಎಸೆದ ಚೆಂಡಿನಿಂದಲೇ ಆ ಪಂದ್ಯ ಹೆಚ್ಚುವರಿ ಅವಧಿಗೆ ಹೋದದ್ದು.

2008ರ ವರ್ಷವನ್ನು ಅಭಿಮಾನಿಗಳು ಅಷ್ಟೊಂದು ನೆನೆಯುವುದೇಕೆ?

ಆಗ ಗೆದ್ದದ್ದು ಎರಡು ಕಪ್, ಗೆಲ್ಲಿಸಿದವರು ಮನೆಯ ಮಕ್ಕಳು. ಮಯೋರ್ಕಾ ದ್ವೀಪದಲ್ಲಿ 1985ರಲ್ಲಿ ಹುಟ್ಟಿ ಹದಿಹರೆಯದಲ್ಲಿ ಪೆನ್ಯಾಗೆ ಬಂದ ರೂಡಿ ಫೆರ್ನಾಂಡೆಸ್ ಆಗ ಉತ್ತುಂಗದಲ್ಲಿದ್ದರು. 2006ರಲ್ಲಿ ಕೀವ್‌ನಲ್ಲಿ ರಷ್ಯಾದ ಖಿಮ್ಕಿ ತಂಡವನ್ನು ಸೋಲಿಸಿ, ಯುರೋಪಿಯನ್ ಕಪ್‌ಗಿಂತ ಕೆಳಗಿನ ಪಂದ್ಯಾವಳಿಯಾದ ಫಿಬಾ ಯುರೋಕಪ್ ಗೆದ್ದಾಗಲೇ ಬರಗಾಲ ಮುಗಿದ ಸೂಚನೆ ಸಿಕ್ಕಿತ್ತು. 2008ರ ಫೆಬ್ರುವರಿಯಲ್ಲಿ ಸ್ಪ್ಯಾನಿಷ್ ಕಪ್ ಫೈನಲ್ ವಿಟೋರಿಯಾದಲ್ಲಿ, ಅದೇ ಊರಿನ ತಂಡವಾದ ಬಾಸ್ಕೋನಿಯಾ ಎದುರು, ಅವರದೇ ಜನರ ನಡುವೆ. 82-80ರ ಗೆಲುವು. ಏಪ್ರಿಲ್‌ನಲ್ಲಿ ಟ್ಯೂರಿನ್‌ನಲ್ಲಿ ಯುರೋಪಿನ ಇನ್ನೊಂದು ಪಂದ್ಯಾವಳಿಯಾದ ಯುಲೆಬ್ ಕಪ್‌ನ ಫೈನಲ್, ಜಿರೋನಾ ಎದುರು 79-54. ಎರಡರಲ್ಲೂ ಶ್ರೇಷ್ಠ ಆಟಗಾರ ರೂಡಿ.

ಅದೇ ಬೇಸಿಗೆಯಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಸ್ಪೇನ್ ತಂಡದ ತರಬೇತುದಾರ ಆಯಿತೊ. ತಂಡದಲ್ಲಿ ರೂಡಿ ಇದ್ದರು, ಹದಿನೇಳರ ರಿಕಿಯೂ ಇದ್ದರು. ನಂತರ ರೂಡಿ ಅಮೆರಿಕದ ಪೋರ್ಟ್‌ಲ್ಯಾಂಡ್‌ಗೆ ಹೋದರು. ರಿಕಿ 2009ರಲ್ಲಿ ಬಾರ್ಸಿಲೋನಾ ಸೇರಿದರು. ಆ ಎರಡನೆಯ ವಿದಾಯ ಬಾದಲೋನವನ್ನು ಹೆಚ್ಚು ನೋಯಿಸಿತು.

ಇಲ್ಲಿ ಬೆಳೆದ ಬೇರೆ ಆಟಗಾರರು ಯಾರು?

ರೌಲ್ ಲೋಪೆಸ್, ಅಲೆಕ್ಸ್ ಮುಂಬ್ರು, ಪಾವ್ ರಿಬಾಸ್, ಗಿಯೆಮ್ ವೀವೆಸ್... ಪಟ್ಟಿ ಬಹಳ ಉದ್ದ. ಅದರ ಬದಲು ಒಂದು ಪಂದ್ಯವನ್ನು ನೆನಪಿಸುತ್ತೇನೆ. 2019ರ ವಿಶ್ವಕಪ್ ಫೈನಲ್, ಬೀಜಿಂಗ್. ಸ್ಪೇನ್ ಅರ್ಜೆಂಟೀನಾವನ್ನು 95-75ರಿಂದ ಸೋಲಿಸಿತು. ಸ್ಪೇನ್‌ನ ನಾಯಕ ರೂಡಿ, ಪಂದ್ಯಾವಳಿಯ ಶ್ರೇಷ್ಠ ಆಟಗಾರ ರಿಕಿ, ತಂಡದಲ್ಲಿ ಪಾವ್ ರಿಬಾಸ್. ಎದುರು ಅರ್ಜೆಂಟೀನಾದ ಪರ ನಿಕೊಲಾಸ್ ಲಾಪ್ರೊವಿತ್ತೊಲಾ. ಅವರು ಇಲ್ಲಿ ಬೆಳೆದವರಲ್ಲ, ಆದರೆ ಹಿಂದಿನ ಋತುವಿನಲ್ಲಿ ಸ್ಪ್ಯಾನಿಷ್ ಲೀಗ್‌ನ ಶ್ರೇಷ್ಠ ಆಟಗಾರನಾದದ್ದು ಇದೇ ಹಸಿರು-ಕಪ್ಪು ಅಂಗಿಯಲ್ಲಿ. ರೂಡಿ ಮುಂದೆ ಪ್ಯಾರಿಸ್‌ನಲ್ಲಿ ಆರನೆಯ ಒಲಿಂಪಿಕ್ಸ್ ಆಡಿದರು. ಮೊದಲನೆಯದಾದ 2004ರ ಅಥೆನ್ಸ್‌ಗೆ ಹೋದಾಗ ಅವರು ಪೆನ್ಯಾದ ಹುಡುಗ.

ಕ್ಲಬ್ ಎಂದಾದರೂ ಕೆಳದರ್ಜೆಗೆ ಇಳಿದಿದೆಯೇ?

ಇಲ್ಲ. ಸ್ಪೇನ್‌ನಲ್ಲಿ ಋತುವಿನ ಕೊನೆಯಲ್ಲಿ ತಳದಲ್ಲಿ ಉಳಿದ ತಂಡಗಳು ಕೆಳಗಿನ ಲೀಗ್‌ಗೆ ಹೋಗಬೇಕು. 1957ರಿಂದ ಈವರೆಗೆ ಒಂದೂ ಋತು ತಪ್ಪದೆ ಮೇಲ್ದರ್ಜೆಯಲ್ಲೇ ಆಡಿದ ಕ್ಲಬ್ಬುಗಳು ಎರಡೇ: ರಿಯಲ್ ಮ್ಯಾಡ್ರಿಡ್ ಮತ್ತು ಜುವೆಂತುತ್. ಮ್ಯಾಡ್ರಿಡ್‌ನ ಎಸ್ತುದಿಯಾಂತೆಸ್ ತಂಡವೂ ಈ ಸಾಲಿನಲ್ಲಿತ್ತು, 2021ರಲ್ಲಿ ಅದು ಇಳಿಯಿತು. ಕಪ್‌ಗಳಿಗಿಂತಲೂ ನಾನು ಹೆಚ್ಚು ಬೆಲೆ ಕೊಡುವುದು ಈ ದಾಖಲೆಗೆ.

2018ರಲ್ಲಿ ಕ್ಲಬ್ ಮುಚ್ಚುವ ಸ್ಥಿತಿಗೆ ಬಂದಿತ್ತೇ?

ಬಂದಿತ್ತು. ಹಳೆಯ ಸಾಲ ಕತ್ತು ಹಿಸುಕುತ್ತಿತ್ತು, ತಂಡ ಅಂಕಪಟ್ಟಿಯ ತಳದಲ್ಲಿತ್ತು. ವಿಯಾಕಾಂಪಾ ನಂತರ ಅಧ್ಯಕ್ಷರಾದವರು 1994ರ ತಂಡದಲ್ಲಿದ್ದ ಹುವಾನಾನ್ ಮೊರಾಲೆಸ್. ಊರಿನ ಜನ ಬೆನ್ನಿಗೆ ನಿಂತರು. ಕೊನೆಗೆ ಕತಲೂನ್ಯದ ಔಷಧ ಸಂಸ್ಥೆ ಗ್ರಿಫೋಲ್ಸ್‌ನೊಂದಿಗೆ ನಂಟಿದ್ದ ಹೂಡಿಕೆದಾರರು ಬಂದದ್ದರಿಂದ ಕ್ಲಬ್ ಉಳಿಯಿತು. ಅಂಕಣದಲ್ಲಿ ಫೆಬ್ರುವರಿಯಲ್ಲಿ ಕಾರ್ಲೆಸ್ ದುರಾನ್ ತರಬೇತಿಯ ಹೊಣೆ ಹೊತ್ತರು, ತಂಡ ಮೇಲ್ದರ್ಜೆಯಲ್ಲೇ ಉಳಿಯಿತು. ಎರಡರಲ್ಲಿ ಒಂದು ತಪ್ಪಿದ್ದರೂ ಮೇಲಿನ ಉತ್ತರವನ್ನು ಇಂದು ಬೇರೆ ರೀತಿ ಬರೆಯಬೇಕಾಗುತ್ತಿತ್ತು.

ಹಳೆಯ ದಾಖಲೆಗಳಲ್ಲಿ ತಂಡದ ಹೆಸರು ಪ್ರತಿ ಸಲ ಬೇರೆ ಬೇರೆ ಇದೆಯಲ್ಲ?

ಅವು ಪ್ರಾಯೋಜಕರ ಹೆಸರುಗಳು. 1981ರಲ್ಲಿ ಫ್ರೆಶೆನೆತ್, 1992ರಲ್ಲಿ ಮೊಂತಿಗಲಾ, 1994ರಲ್ಲಿ ಸೆವೆನ್ ಅಪ್, 2008ರಲ್ಲಿ ಡಿಕೆವಿ. ಎಲ್ಲವೂ ಒಂದೇ ಕ್ಲಬ್.

ಒಟ್ಟು ಎಷ್ಟು ಪ್ರಶಸ್ತಿ?

ಮುಖ್ಯವಾದವನ್ನು ಎಣಿಸಿದರೆ ಲೀಗ್ ನಾಲ್ಕು, ಸ್ಪ್ಯಾನಿಷ್ ಕಪ್ ಎಂಟು (ಈವರೆಗೆ ಹೇಳದೆ ಉಳಿದವು 1969 ಮತ್ತು 1976ರವು), ಯುರೋಪಿಯನ್ ಕಪ್ ಒಂದು, ಕೊರಾಚ್ ಎರಡು, ಫಿಬಾ ಯುರೋಕಪ್ ಒಂದು, ಯುಲೆಬ್ ಕಪ್ ಒಂದು.

ರಿಕಿ ಮತ್ತೆ ಬಂದರಂತೆ?

ಬಂದರು. ಮನಸ್ಸಿನ ಆರೋಗ್ಯಕ್ಕಾಗಿ ಆಟದಿಂದ ದೂರ ಉಳಿದು, 2024ರ ಆರಂಭದಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ಗೆ ವಿದಾಯ ಹೇಳಿದ್ದ ಅವರು 2025ರ ಬೇಸಿಗೆಯಲ್ಲಿ ಜುವೆಂತುತ್‌ಗೆ ಮರಳಿ ಸಹಿ ಹಾಕಿದರು. ಹದಿನಾರು ವರ್ಷಗಳ ಹಿಂದಿನ ನೋವನ್ನು ಹಿಡಿದುಕೊಂಡು ಕೂರದೆ ಊರು ಅವರನ್ನು ಬರಮಾಡಿಕೊಂಡಿತು.

ಅಲ್ಲಿಗೆ ಹೋದರೆ ಪಂದ್ಯ ನೋಡುವುದು ಹೇಗೆ?

ಲೀಗ್ ಶರತ್ಕಾಲದಲ್ಲಿ ಆರಂಭವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಬಾರ್ಸಿಲೋನಾದ ನಡುಭಾಗದ ಪಸ್ಸೇಜ್ ದೆ ಗ್ರಾಸಿಯಾ ನಿಲ್ದಾಣದಲ್ಲಿ ಮೆಟ್ರೋದ ಎರಡನೇ ಮಾರ್ಗ, ಅಂದರೆ ನೇರಳೆ ಬಣ್ಣದ ಮಾರ್ಗ ಹಿಡಿದು ಬಾದಲೋನ ಕಡೆಗೆ ಹೊರಟು, ಗೊರ್ಗ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಕ್ರೀಡಾಭವನಕ್ಕೆ ನಡೆದೇ ಹೋಗಬಹುದು. ಪಂದ್ಯದ ದಿನ ದಾರಿ ಕೇಳಬೇಕಾಗಿಲ್ಲ, ಹಸಿರು ಶಾಲು ಹೊದ್ದವರ ಹಿಂದೆ ನಡೆದರೆ ಸಾಕು.